ಸರ್ವರ್ ಮೆಮೊರಿಯ ಹೊಂದಾಣಿಕೆ

ಬಹುಜನರಿಗೆ ಏಕಕಾಲದಲ್ಲಿ ಸೇವೆಯೊದಗಿಸುವ ಸರ್ವರ್ ಗಣಕದ ಮೆಮೊರಿಯನ್ನು, ಕಾರ್ಯವೇಗವು ಕುಂದದಂತೆಯೂ ವಿದ್ಯುತ್ತು ವ್ಯರ್ಥವಾಗದಂತೆಯೂ ಅಣಿಗೊಳಿಸುವ ವಿಧಾನ.

ಮೊದಲಿನ ಗಣಕಗಳಲ್ಲಿ ಮೆಮೊರಿಯಾಗಿದ್ದ ಫೆರೈಟ್ ಬಳೆಗಳು ವಿದ್ಯುತ್ತು ನಿಂತರೂ ದತ್ತಾಂಶವನ್ನು ಉಳಿಸಿಕೊಳ್ಳುತ್ತಿದ್ದುವು. 1968ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಪೇಟೆಂಟ್ ಪಡೆದ, ಇಂದಿನ ಗಣಕಗಳು ಬಳಸುವ ಮೆಮೊರಿಯಾದ ಡಿರ್‍ಯಾಮ್‌ನಲ್ಲಾದರೋ, ಒಂದೊಂದು ಬಿಟ್ಟೂ ಸೂಕ್ಷ್ಮ ಕೆಪಾಸಿಟರಿನಲ್ಲಿ ನಿಂತ ವಿದ್ಯುದಂಶ ಮಾತ್ರವಾದುದರಿಂದ, ಸತತವಾಗಿ ಸೋರುವ ಅದನ್ನು ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳೊಳಗೆ ಮರಳಿ ತುಂಬಬೇಕು. ಉಷ್ಣತೆ 85 ಡಿಗ್ರಿ ಸೆಲ್ಸಿಯಸ್ ಮೀರಿದರೆ ಈ ಅವಧಿ ಅರ್ಧಕ್ಕಿಳಿಯುವುದು. ರಿಫ್ರೆಶ್ ಎಂಬ ಈ ಕ್ರಿಯೆಯ ದೆಸೆಯಿಂದ, ಯಾರೂ ಕೆಲಸ ಹೇಳದೆ ಸುಮ್ಮನಿರುವ ಸರ್ವರು ಸಹ ನೆನಪನ್ನು ಕಾಯುವುದಕ್ಕಾಗಿಯೇ ವಿದ್ಯುತ್ತನ್ನು ವ್ಯಯಿಸುತ್ತಿರುವುದು.

ವ್ಯಯವನ್ನು ತಗ್ಗಿಸುವ ಪ್ರಥಮೋಪಾಯ ವೋಲ್ಟೇಜಿನ ಇಳಿಕೆ: ಈ ಮೆಮೊರಿಯ ತಲೆಮಾರುಗಳ ಪೈಕಿ ಡಿಡಿಆರ್‌ನಲ್ಲಿ 2.5 ವೋಲ್ಟ್ ಇದ್ದುದು ಡಿಡಿಆರ್2ರಲ್ಲಿ 1.8, ಡಿಡಿಆರ್3ರಲ್ಲಿ 1.5, ಡಿಡಿಆರ್4ರಲ್ಲಿ 1.2 ಆಗಿ, 2020ರ ಡಿಡಿಆರ್5ರಲ್ಲಿ 1.1ಕ್ಕೆ ಬಂದಿತು. ದ್ವಿತೀಯೋಪಾಯ, ಗಣಕವನ್ನು ಚಾಲೂ ಮಾಡುವ ತಂತ್ರಾಂಶವಾದ ಬಯಾಸ್‌ನಲ್ಲಿ ಮಾಡುವ ಆಯ್ಕೆ. ಮೆಮೊರಿಯ ವೇಗವನ್ನು ಇಳಿಸಬಹುದು. ಬಿಡುವಾದಾಗ ಅದನ್ನು ಪವರ್-ಡೌನ್ ಅಥವಾ ಸೆಲ್ಫ್-ರಿಫ್ರೆಶ್ ಎಂಬ ನಿದ್ರಾವಸ್ಥೆಗೆ ಒಯ್ಯಬಹುದು. ಆದರೆ ನಿದ್ರೆಯಿಂದೇಳುವುದಕ್ಕೆ ಕಾಲ ಹಿಡಿಯುವುದರಿಂದ, ಬೇಡಿಕೆ ಬಿಡದೆ ಬರುವ ಡೇಟಾಬೇಸಿಗೆ ಇದು ಹಿತವಲ್ಲ. ರಾತ್ರಿಯೆಲ್ಲ ಬಿಡುವಾಗಿರುವ ಕಚೇರಿಯ ಸರ್ವರಿಗೆ ಇದೇ ಹಿತ. ಅಂತೆಯೇ ಹೆಚ್ಚು ಸಾಮರ್ಥ್ಯದ ಕೆಲವೇ ಮಾಡ್ಯೂಲುಗಳನ್ನು ಜೋಡಿಸಿದರೆ ವಿದ್ಯುತ್ತು ಉಳಿಯುವುದುಂಟು. ಆದರೆ ಪ್ರೊಸೆಸರಿಗೂ ಮೆಮೊರಿಗೂ ನಡುವಿನ ಚಾನೆಲುಗಳು ಬರಿದಾಗುವಷ್ಟು ಮಾಡ್ಯೂಲುಗಳನ್ನು ಕಡಿಮೆ ಮಾಡಿದರೆ ದತ್ತಾಂಶದ ಹರಿವೇ ಕ್ಷೀಣಿಸುವುದು.

ಕರ್ನಾಟಕದಲ್ಲಿ ಈ ಹೊಂದಾಣಿಕೆಯ ಮಹತ್ತ್ವವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಡುಬರುತ್ತದೆ. ಅಲ್ಲಿನ 2015ರ ಸಹಸ್ರಟಿ ಎಂಬ ಸೂಪರ್ ಕಂಪ್ಯೂಟರಿನ, ನೋಡ್ ಎಂಬ ಘಟಕಗಳ ಪೈಕಿ 1376 ಸಿಪಿಯು ನೋಡ್‌ಗಳಲ್ಲಿ ತಲಾ 128 ಜಿಬಿ ಮೆಮೊರಿಯಿದ್ದಿತು. 2022ರ ಪರಮ್ ಪ್ರವೇಗ ಗಣಕದಲ್ಲಾದರೆ ಸಾಮಾನ್ಯ ನೋಡ್‌ಗಳಿಗೆ 192 ಜಿಬಿ, ವಿಶೇಷ ನೋಡ್‌ಗಳಿಗೆ 768 ಜಿಬಿ ಎಂದು ವಿಭಾಗಿಸಿದುದರಿಂದ, ಕೆಲವು ಲೆಕ್ಕಗಳಿಗೆ ಮಾತ್ರ ಬೇಕಾದ ಹೊರೆಯನ್ನು ಎಲ್ಲ ನೋಡ್‌ಗಳೂ ಹೊರಬೇಕಾಗಿಲ್ಲ.

ನೆನಪನ್ನು ಕಾಯುವುದಕ್ಕೂ ಬೆಲೆಯುಂಟೆಂಬ ಅರಿವು ಈ ನಾಡಿಗೆ ಹೊಸದಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ ನಾನಾ ದೇಶಗಳ ವಿದ್ಯಾರ್ಥಿಗಳು ಬರುತ್ತಿದ್ದರೆಂದು ತಿಳಿಸುವ 945ರ ಶಾಸನವು, ಅವರ ವಾಸಕ್ಕೆ 27 ನಿವೇಶನಗಳನ್ನೂ ದೀಪಕ್ಕೆ 12 ನಿವರ್ತನ ಭೂಮಿಯನ್ನೂ ಬೇರೆಬೇರೆಯಾಗಿ ನಮೂದಿಸುತ್ತದೆ. ಆವರ್ತನವಿಲ್ಲದೆ ಕಂಠಪಾಠ ನಿಲ್ಲದು; ಇರುಳಿನ ಆವರ್ತನಕ್ಕೆ ದೀಪ ಬೇಕು, ದೀಪಕ್ಕೆ ಎಣ್ಣೆ, ಎಣ್ಣೆಗೆ ಹೊಲ. ಸರ್ವರಿನ ಮೆಮೊರಿಯನ್ನು ಹೊಂದಿಸುವವನು ಮಾಡುವುದೂ ಇದೇ ಲೆಕ್ಕ.