‘ಲಿಫ್ಟ್ ಅಪ್’: ಎತ್ತುವ ಮಾತಿನ ಚರಿತ್ರೆ

ನನ್ನ ಇಂಗ್ಲಿಷ್ ತರಗತಿಯಲ್ಲಿ ಕುಳಿತಿದ್ದವರಿಗೆ ನೆನಪಿರಬಹುದು. ಪ್ರಬಂಧದಲ್ಲಿ ಯಾರಾದರೂ ‘ಲಿಫ್ಟ್ ಅಪ್’ ಎಂದು ಬರೆದರೆ ‘ಅಪ್’ ಎಂಬುದನ್ನು ಕೆಂಪು ಶಾಯಿಯಿಂದ ಹೊಡೆದುಹಾಕುತ್ತಿದ್ದೆ. “ಎತ್ತುವುದು ಮೇಲಕ್ಕಲ್ಲದೆ ಕೆಳಕ್ಕೂ ಉಂಟೇ?” ಎಂದು ಕೇಳಿ ಉಳಿದವರನ್ನು ನಗಿಸುತ್ತಿದ್ದೆ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, “ಸಾರ್, ಕನ್ನಡದಲ್ಲಿ ‘ಮೇಲೆತ್ತು’ ಅಂತೀವಲ್ಲ, ಅದೂ ತಪ್ಪೇ?” ಎಂದಳು. ಉತ್ತರ ತಿಳಿಯದ ನಾನು ಅವಳನ್ನು ಗದರಿಸಿ ಕೂರಿಸಿದೆ. ನಿವೃತ್ತಿಯ ಬಿಡುವಿನಲ್ಲಿ ಇಂಗ್ಲಿಷ್ ಭಾಷೆಯ ಚರಿತ್ರೆಯನ್ನು ಓದತೊಡಗಿದ ಮೇಲೆ ಆ ಉತ್ತರ ನನಗೆ ದೊರೆಯಿತು.

‘ಲಿಫ್ಟ್’ ಎಂಬುದು ಇಂಗ್ಲಿಷಿನ ಮನೆಮಾತಲ್ಲ. ಕಡಲುದಾಟಿ ಬಂದ ಪದ. 793ರಲ್ಲಿ ವೈಕಿಂಗರು ಲಿಂಡಿಸ್‌ಫಾರ್ನ್ ಮಠವನ್ನು ಸುಲಿಗೆ ಮಾಡಿದರು. 865ರಲ್ಲಿ ಅವರ ದೊಡ್ಡ ಸೈನ್ಯವೇ ಬಂದಿಳಿಯಿತು. ಹಾಗೆ ಬಂದವರಲ್ಲಿ ಅನೇಕರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿ ಬೇಸಾಯಗಾರರಾದರು. 1016ರಲ್ಲಿ ಡೇನರ ಕ್ನೂಟ್ ಇಂಗ್ಲೆಂಡಿನ ಅರಸನೇ ಆದನು. ಇವರಾಡುತ್ತಿದ್ದ ನಾರ್ಸ್ ಭಾಷೆಯಲ್ಲಿ ‘ಲೊಪ್ತ್’ ಎಂದರೆ ಗಾಳಿ, ಆಕಾಶ, ಅಟ್ಟ. ‘ಲ್ಯುಪ್ತಾ’ ಎಂದರೆ ಗಾಳಿಗೆತ್ತುವುದು. ‘ಲಿಫ್ಟ್’ ಇದರಿಂದಲೇ ಬಂದದ್ದು. ಅಟ್ಟಕ್ಕೆ ‘ಲಾಫ್ಟ್’ ಎನ್ನುವುದೂ ಅದೇ ಬೇರಿನ ಪದ. ‘ರೇಜ್’, ‘ಟೇಕ್’ ಎಂಬವು ಕೂಡ ನಾರ್ಸ್ ಕೊಡುಗೆಗಳೇ. ಎತ್ತುವುದಕ್ಕಿದ್ದ ಇಂಗ್ಲಿಷಿನ ಸ್ವಂತ ಪದ ‘ಹೀವ್’, ಭಾರವನ್ನು ತ್ರಾಸಪಟ್ಟು ಎತ್ತುವ ಅರ್ಥಕ್ಕೆ ಕುಗ್ಗಿತು. ‘ಅಪ್’ ಮಾತ್ರ ಅಲ್ಲಿನದೇ. ಹೀಗೆ ‘ಲಿಫ್ಟ್ ಅಪ್’ ಎಂಬ ಜೋಡಿಯಲ್ಲಿ ಸುಲಿಗೆಗೆ ಬಂದವನೂ ಸುಲಿಗೆಗೊಳಗಾದವನೂ ಅಕ್ಕಪಕ್ಕದಲ್ಲಿ ನಿಂತಿದ್ದಾರೆ.

ಹಳೆಯ ಇಂಗ್ಲಿಷಿನಲ್ಲಿ ಸಂಸ್ಕೃತದ ಉಪಸರ್ಗಗಳಂತೆ ಕ್ರಿಯಾಪದದ ಮೊದಲಿಗೆ ಅಂಟುವ ಪ್ರತ್ಯಯಗಳು ಹೇರಳವಾಗಿದ್ದವು. ನಮ್ಮ ‘ಉದ್ಧಾರ’ದಲ್ಲಿರುವ ‘ಉತ್’ ಎಂಬುದೂ ‘ಮೇಲಕ್ಕೆ’ ಎಂದೇ ಹೇಳುತ್ತದೆ. ಕಾಲಕ್ರಮದಲ್ಲಿ ಆ ಪ್ರತ್ಯಯಗಳು ಸವೆದುಹೋದವು; ಅವುಗಳ ಕೆಲಸವನ್ನು ಕ್ರಿಯಾಪದದ ನಂತರ ಬರುವ ‘ಅಪ್’, ‘ಔಟ್’ ಮೊದಲಾದ ಕಿರುಪದಗಳು ವಹಿಸಿಕೊಂಡವು. ಹಳೆಯ ಕ್ರಮದ ಕುರುಹಾಗಿ ‘ಅಪ್‌ಹೋಲ್ಡ್’ ಉಳಿದಿದೆ. ಅದರ ಅರ್ಥ ‘ಎತ್ತಿಹಿಡಿ’. ಅದನ್ನೇ ತಿರುಗಿಸಿ ‘ಹೋಲ್ಡ್ ಅಪ್’ ಎಂದರೆ ತಡೆಯುವುದು, ದರೋಡೆ ಮಾಡುವುದು ಎಂದೂ ಆದೀತು!

1611ರ ಇಂಗ್ಲಿಷ್ ಬೈಬಲಿನಲ್ಲಿ ಕಣ್ಣು, ಕೈ, ದನಿಗಳನ್ನು ಎತ್ತುವಲ್ಲಿ ‘ಲಿಫ್ಟ್ ಅಪ್’ ಮತ್ತೆ ಮತ್ತೆ ಬರುತ್ತದೆ. ಇಂತಹ ಜೋಡಿಗಳು ಪರಭಾಷಿಕರಿಗೆ ಬಹಳ ತೊಡಕಿನವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಗುರುತಿಸಿದ್ದನು. ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಲೋಗನ್ ಪಿಯರ್ಸಲ್ ಸ್ಮಿತ್ 1925ರಲ್ಲಿ ತನ್ನ ಗ್ರಂಥದಲ್ಲಿ ಬಳಸಿದನು.

ಇನ್ನು ಬಳಕೆಯ ಮಾತು. ಬರಿಯ ‘ಲಿಫ್ಟ್’ ಸಾಕಾಗುವೆಡೆ ಬಹಳ. ಎತ್ತುವ ದಿಕ್ಕನ್ನು ಒತ್ತಿ ಹೇಳಬೇಕಾದಾಗ ‘ಅಪ್’ ಸೇರುತ್ತದೆ. ನೆಲಕ್ಕೆ ಬಿದ್ದ ಪೆನ್ಸಿಲನ್ನು ಎತ್ತಿಕೊಳ್ಳುವುದಕ್ಕೆ ‘ಪಿಕ್ ಅಪ್’ ಸಹಜ. ‘ಲಿಫ್ಟ್ ಅಪ್ ದ ಬಾಕ್ಸ್’, ‘ಲಿಫ್ಟ್ ದ ಬಾಕ್ಸ್ ಅಪ್’ ಎರಡೂ ಸರಿ. ಆದರೆ ಸರ್ವನಾಮ ಬಂದರೆ ಅದು ನಡುವೆಯೇ ನಿಲ್ಲಬೇಕು: ‘ಲಿಫ್ಟ್ ಇಟ್ ಅಪ್’.

‘ಮೇಲೆತ್ತು’ ತಪ್ಪಲ್ಲ, ‘ಲಿಫ್ಟ್ ಅಪ್’ ಕೂಡ ತಪ್ಪಲ್ಲ. ದಿಕ್ಕನ್ನು ಕ್ರಿಯೆಯ ಜೊತೆಗೆ ಹೇಳುವುದು ಎರಡೂ ಭಾಷೆಗಳ ಜಾಯಮಾನ. ನಾನು ಅಂದು ಹೊಡೆದುಹಾಕಿದ್ದು ಶತಮಾನಗಳ ರೂಢಿಯನ್ನು. ಅದಕ್ಕಿಂತ ಹೆಚ್ಚಾಗಿ, ಒಂದು ಮಗುವಿನ ಸರಿಯಾದ ಪ್ರಶ್ನೆಯನ್ನು. ಆ ವರ್ಷ ಅವಳು ಮತ್ತೆ ಕೈಯೆತ್ತಿ ಏನನ್ನೂ ಕೇಳಲಿಲ್ಲ. ಅವಳು ಇದನ್ನು ಓದುವಂತಾದರೆ ಹೇಳುವುದು ಇಷ್ಟೇ: ನೀನು ಸರಿಯಾಗಿಯೇ ಕೇಳಿದ್ದೆ ತಾಯಿ, ತಿಳಿಯದಿದ್ದವನು ನಾನು.