ಮೂಡುಬಿದಿರೆಯ ಓಲೆಗರಿಯಲ್ಲಿ ಲೋಕದ ಅಳತೆ

ಲೋಕದ ಆಕಾರ ಹೇಗಿದೆ ಎಂದು ಅಜ್ಜಿ ಬಾಯಲ್ಲಿ ಹೇಳಲಿಲ್ಲ, ನಿಂತು ತೋರಿಸಿದರು. ಚಾವಡಿಯ ನಡುವೆ ಕಾಲು ಅಗಲಿಸಿ, ಎರಡೂ ಕೈ ಸೊಂಟಕ್ಕಿಟ್ಟು, "ಇದೇ ನೋಡು ಲೋಕ" ಅಂದರು. ಕಾಲಡಿಯಲ್ಲಿ ನರಕಗಳು, ಸೊಂಟದ ಮಟ್ಟದಲ್ಲಿ ನಾವು, ಮೇಲೆ ಸ್ವರ್ಗಗಳು, ನೆತ್ತಿಯಲ್ಲಿ ಸಿದ್ಧರು. ಅದರಾಚೆ ಏನಿದೆ ಎಂದು ಕೇಳಿದೆ. ಆಕಾಶ. ಅದರಾಚೆ? ಆಕಾಶ. ಇನ್ನೂ ಆಚೆ? "ಆಕಾಶವೇ ಮಗಾ, ಅದಕ್ಕೆ ಅಂಚಿಲ್ಲ."

ಅವತ್ತು ಶ್ರುತ ಪಂಚಮಿ. ಜ್ಯೇಷ್ಠ ಶುದ್ಧ ಪಂಚಮಿಯಂದು ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಗ್ರಂಥರೂಪಕ್ಕೆ ತಂದು ಮುಗಿಸಿದರು ಎಂಬ ನೆನಪಿಗೆ ಜೈನರು ಅಂದು ಪುಸ್ತಕಕ್ಕೆ ಪೂಜೆ ಮಾಡುತ್ತಾರೆ. ನಾವು ಬೆಳಗ್ಗೆಯೇ ಮೂಡುಬಿದಿರೆಗೆ ಹೋಗಿ ಬಂದಿದ್ದೆವು. ಆ ಊರಿಗೆ ಬರುವ ಪ್ರವಾಸಿಗರು ನೇರ ಸಾವಿರ ಕಂಬದ ಬಸದಿಗೆ ನಡೆಯುತ್ತಾರೆ, 1430ರ ಆ ಕಟ್ಟಡ ನೋಡಬೇಕಾದದ್ದೇ. ಆದರೆ ಅಜ್ಜಿಗೆ ಮೂಡುಬಿದಿರೆ ಎಂದರೆ ಗುರು ಬಸದಿ. ಅದನ್ನು ಸಿದ್ಧಾಂತ ಬಸದಿ ಎಂದೂ ಕರೆಯುತ್ತಾರೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ಓಲೆಗರಿಯ ಕಟ್ಟುಗಳು ಶತಮಾನಗಳ ಕಾಲ ಉಳಿದುಬಂದದ್ದು ಅಲ್ಲಿ. ಯಾತ್ರಿಕರು ಅವುಗಳಿಗೆ ಕೈಮುಗಿಯುವುದಕ್ಕೆ 'ಸಿದ್ಧಾಂತ ದರ್ಶನ' ಎಂದೇ ಹೆಸರು. ಓದುವುದಲ್ಲ, ದರ್ಶನ.

ನಾನು ಮುಂದೆ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾದೆ. ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತ ಆ ಭಂಗಿಗೆ ಓಲೆಗರಿಯಲ್ಲಿ ಲೆಕ್ಕ ಬರೆದಿಟ್ಟಿದೆ ಎಂದು ಗೊತ್ತಾಗುವ ಹೊತ್ತಿಗೆ ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ಧವಲಾ ಎಂಬುದು ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಟೀಕೆ. ಕಾಲ ರಾಷ್ಟ್ರಕೂಟರದು, ಮುಗಿದದ್ದು 816ರಲ್ಲಿ ಎಂದು ಹೆಚ್ಚಿನ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಆದರೆ ಮೂಡುಬಿದಿರೆಯ ಗರಿಗಳ ಮೇಲಿರುವ ಲಿಪಿ ಹಳಗನ್ನಡದ್ದು. ಹೊಯ್ಸಳರ ಕಾಲದಲ್ಲಿ, 12ನೇ ಶತಮಾನದ ಆರಂಭದಲ್ಲಿ, ಬರೆಸಿದ ಪ್ರತಿಗಳವು. ಕೆಲವು ಗರಿಗಳಲ್ಲಿ ಬಣ್ಣದ ಚಿತ್ರಗಳಿವೆ. ವ್ರತದ ಉದ್ಯಾಪನೆಗೆ ಶಾಸ್ತ್ರ ಬರೆಸಿ ಮುನಿಗಳಿಗೆ ದಾನ ಕೊಡುವುದು ಅಂದಿನ ಶ್ರಾವಕಿಯರ ಪದ್ಧತಿಯಾಗಿತ್ತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿದ ಅತ್ತಿಮಬ್ಬೆಯನ್ನು ಕನ್ನಡಿಗರು ಮರೆತಿಲ್ಲ. ಧವಲೆ ಉಳಿದದ್ದೂ ಅಂಥ ಕೈಗಳಿಂದಲೇ.

ವಿಶ್ವಕ್ಕೆ ಕೊನೆಯಿದೆಯೇ ಎಂಬ ಪ್ರಶ್ನೆಗೆ ಈ ಪರಂಪರೆ ಒಂದು ಮಾತಿನ ಉತ್ತರ ಕೊಡುವುದಿಲ್ಲ, ಪ್ರಶ್ನೆಯನ್ನೇ ಎರಡಾಗಿ ಸೀಳುತ್ತದೆ. ಜೀವ, ಪುದ್ಗಲ (ಜಡವಸ್ತು), ಕಾಲಗಳಿರುವ ಭಾಗ ಲೋಕಾಕಾಶ, ಅದಕ್ಕೆ ಎಲ್ಲೆಯಿದೆ. ಅದರ ಸುತ್ತ ಎಲ್ಲ ದಿಕ್ಕಿಗೂ ಹಬ್ಬಿದ್ದು ಅಲೋಕಾಕಾಶ; ಅದಕ್ಕೆ ಎಲ್ಲೆಯಿಲ್ಲ. ಎಲ್ಲೆಯನ್ನು ದಾಟಿ ಯಾಕೆ ಹೋಗಲಾಗದು? ಅಲ್ಲಿ ಗೋಡೆಯೇನೂ ಇಲ್ಲ. ಮೀನಿಗೆ ನೀರಿದ್ದಂತೆ ಚಲನೆಗೆ ಆಸರೆಯಾಗುವ ಧರ್ಮದ್ರವ್ಯ ಲೋಕದ ಒಳಗೆ ಮಾತ್ರ ಇದೆ. ಕರ್ಮ ಕಳಚಿ ಮೇಲೇರುವ ಸಿದ್ಧಾತ್ಮವೂ ಲೋಕದ ನೆತ್ತಿಯಲ್ಲೇ ನಿಲ್ಲುವುದು ಅದಕ್ಕೇ. ಅಂಚಿನಲ್ಲಿ ನಿಂತು ಕೈಚಾಚಿದರೆ ಏನಾದೀತು ಎಂದು ಕೇಳುವವರಿಗೆ ಇದಕ್ಕಿಂತ ನೇರವಾದ ಹಳೆಯ ಉತ್ತರವನ್ನು ನಾನು ಓದಿಲ್ಲ.

ಎಲ್ಲೆಯಿದೆ ಅಂದ ಮೇಲೆ ಅಳೆಯಬೇಕಲ್ಲ. ರಜ್ಜು ಎಂಬುದು ಈ ಪರಂಪರೆಯ ದೂರದ ಅಳತೆ; ಲೋಕದ ಎತ್ತರ 14 ರಜ್ಜು. ಅಗಲ ಬುಡದಲ್ಲಿ 7, ಸೊಂಟದಲ್ಲಿ 1, ಮೊಣಕೈ ಮಟ್ಟದಲ್ಲಿ 5, ನೆತ್ತಿಯಲ್ಲಿ ಮತ್ತೆ 1. ಒಟ್ಟು ಗಾತ್ರ 343 ಘನ ರಜ್ಜು ಎಂಬುದು ಪರಂಪರೆಯ ಮಾತು. ಆದರೆ ಲೋಕ ಮೃದಂಗದಂತೆ ದುಂಡಗಿದೆ ಎನ್ನುವವರೂ ಇದ್ದರು. ವೀರಸೇನರು ಅವರನ್ನು ಬೈಯಲಿಲ್ಲ, ಲೆಕ್ಕ ಮಾಡಿದರು. ದುಂಡಗಿದ್ದರೆ ಗಾತ್ರ ಎಷ್ಟಾಗುತ್ತದೆ? ಮೊದಲು ಒಳಗಿನ 1 ರಜ್ಜು ವ್ಯಾಸದ ಕಂಬವನ್ನು ತೆಗೆದರು. ಉಳಿದ ಟೊಳ್ಳು ಭಾಗವನ್ನು ಸೀಳಿ ಹರಡಿದರು. ಅದು ಮೊರದ ಆಕಾರಕ್ಕೆ ಬಂತು. ನಡುವಿನ ತುಂಡನ್ನು ಅಳೆದು, ಎರಡು ಬದಿಯ ಮೊನಚು ತುಂಡುಗಳನ್ನು ಅರ್ಧಕ್ಕೆ ಕತ್ತರಿಸಿ ಜೋಡಿಸಿದರು. ಇನ್ನೂ ಚಿಕ್ಕ ಮೊನಚುಗಳು ಉಳಿದವು. ಮತ್ತೆ ಕತ್ತರಿಸಿದರು. ಪ್ರತಿ ಸುತ್ತಿನಲ್ಲೂ ಸಿಗುವ ಗಾತ್ರ ಹಿಂದಿನದರ ಕಾಲು ಭಾಗ. ಒಂದು, ಕಾಲು, ಕಾಲಿನ ಕಾಲು, ಹೀಗೆ ಕೊನೆಯಿಲ್ಲದೆ ಕೂಡಿದರೆ ಮೊತ್ತ ಒಂದೂ ಮೂರನೇ ಒಂದು. ಪರಿಧಿಗೆ ಅವರು ಬಳಸಿದ ಸೂತ್ರದಲ್ಲಿ 355 ಭಾಗ 113 ಎಂಬ ಪೈ ಬೆಲೆ ಅಡಗಿದೆ. ಬಂದ ಉತ್ತರ 343ರ ಅರ್ಧದಷ್ಟೂ ಆಗಲಿಲ್ಲ. ಹಾಗಾಗಿ ಲೋಕ ದುಂಡಗಿಲ್ಲ, ಎಲ್ಲ ಕಡೆಯೂ 7 ರಜ್ಜು ದಪ್ಪವಿದೆ ಎಂದು ತೀರ್ಮಾನಿಸಿದರು.

ನಾನು ಹತ್ತನೇ ತರಗತಿಗೆ ಶಂಕುವಿನ ಭಿನ್ನಕದ ಘನಫಲ ಕಲಿಸಿದವನು. ಎಷ್ಟೋ ವರ್ಷ ಸೂತ್ರವನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದೆ. ಅದನ್ನು ಕತ್ತರಿಸಿ, ಹರಡಿ, ಅನಂತ ಬಾರಿ ಕೂಡಿ ಪಡೆದ ಒಬ್ಬ ಮುನಿಯ ಬರಹ ನನ್ನ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರವಿತ್ತು ಎಂಬ ಸಂಕಟ ನನ್ನನ್ನು ಈಗಲೂ ಬಿಟ್ಟಿಲ್ಲ. ಅಂಚಿರುವ ಲೋಕವನ್ನು ಅಳೆಯಲು ಅವರು ಹಿಡಿದದ್ದು ಅಂಚಿಲ್ಲದ ಎಣಿಕೆಯನ್ನು!

ಅನಂತ ಎಂಬ ಮಾತನ್ನೂ ಅವರು ಸಡಿಲವಾಗಿ ಬಳಸಲಿಲ್ಲ. ಧವಲೆಯಲ್ಲಿ ಅನಂತಕ್ಕೆ 11 ಬಗೆ ಹೇಳಿದೆ. ಒಂದು ದಿಕ್ಕಿಗೆ ಕೊನೆಯಿಲ್ಲದ್ದು ಬೇರೆ, ಎರಡು ದಿಕ್ಕಿಗೆ ಕೊನೆಯಿಲ್ಲದ್ದು ಬೇರೆ. ಎಣಿಕೆಗೆ ಸಿಗುವ ಸಂಖ್ಯಾತ, ಎಣಿಕೆ ಮೀರಿದ ಅಸಂಖ್ಯಾತ, ಅದಕ್ಕೂ ಆಚೆಗೆ ಅನಂತ. ಲೋಕಾಕಾಶದ ಪ್ರದೇಶಗಳು, ಎಂದರೆ ಆಕಾಶದ ಬಿಂದುಗಳು, ಅಸಂಖ್ಯಾತ, ಅಲೋಕದವು ಅನಂತ. ಚಾವುಂಡರಾಯನ ಗುರು ನೇಮಿಚಂದ್ರರು ತ್ರಿಲೋಕಸಾರದಲ್ಲಿ ಒಂದು ಲಕ್ಷ ಯೋಜನ ಅಗಲ, ಸಾವಿರ ಯೋಜನ ಆಳದ ಗುಂಡಿಗೆ ಮೇಲೆ ರಾಶಿ ಏರುವಂತೆ ಸಾಸಿವೆ ತುಂಬಿಸುತ್ತಾರೆ. ಸಾಸಿವೆಕಾಳುಗಳ ಸಂಖ್ಯೆಯಲ್ಲಿ 46 ಅಂಕಿಗಳಿವೆ. ಅಸಂಖ್ಯಾತಕ್ಕೆ ಅದು ಬರೀ ಹೊಸ್ತಿಲು.

ಇಷ್ಟೆಲ್ಲ ಇದ್ದ ಗರಿಗಳು ಹೊರಜಗತ್ತಿಗೆ ಸಿಕ್ಕ ಕಥೆ ಸಣ್ಣದಲ್ಲ. 19ನೇ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಯಿತು. ಆದರೆ ಪ್ರತಿಗಳು ಊರು ಬಿಟ್ಟು ಹೋಗಬಾರದೆಂದು ಹಿರಿಯರ ಕಟ್ಟು. ಲಿಪಿಕಾರ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಬರೆದರು. ಅದು ಸಹಾರನ್‌ಪುರ ಸೇರಿತು, ಅಲ್ಲಿಂದ ನಾಗರಿ ಪ್ರತಿಗಳು ಹುಟ್ಟಿದವು. ಹೀರಾಲಾಲ್ ಜೈನರು 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಹೊರತಂದರು; ಒಟ್ಟು 16 ಸಂಪುಟಗಳಾದವು. ಕಟ್ಟಿಟ್ಟು ಕಾದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಬಿಗಿಯಾಗಿ ಕಾಯದಿದ್ದರೆ ಗುಟ್ಟಾಗಿ ಬರೆಯಲಿಕ್ಕೂ ಏನೂ ಉಳಿದಿರುತ್ತಿರಲಿಲ್ಲ.

ಗಣಿತ ಕಲಿಸುವ ಗೆಳೆಯರಲ್ಲಿ ಒಂದು ಬಿನ್ನಹ. ಭಿನ್ನಕದ ಪಾಠಕ್ಕೆ ಮೊದಲು ಬೋರ್ಡಿನ ಮೇಲೆ ಸೊಂಟಕ್ಕೆ ಕೈಯಿಟ್ಟ ಒಬ್ಬ ಮನುಷ್ಯನನ್ನು ಬರೆಯಿರಿ. 7, 1, 5, 1 ಎಂದು ಅಳತೆ ಗುರುತಿಸಿ, ದಪ್ಪ 7 ಎಂದು ಹೇಳಿ. ಕೆಳಗಿನ ಭಾಗ 196, ಮೇಲಿನದು 147. ಕೂಡುವ ಕೆಲಸ ಮಕ್ಕಳಿಗೆ ಬಿಡಿ.