ದಂಡಿನವರ ಓಟು

2024ರ ಏಪ್ರಿಲ್ 26. ಹಲಸೂರಿನ ಶಾಲೆಯೊಂದರ ಮುಂದೆ ಕ್ಯೂನಲ್ಲಿ ನಿಂತಿದ್ದೆ. ಬಿಸಿಲು ಅಂದ್ರೆ ಬಿಸಿಲು. ಮುಂದೆ ತಮಿಳು, ಹಿಂದೆ ದಖನಿ ಉರ್ದು, ಒಳಗೆ ಹೆಸರು ಕೂಗುತ್ತಿದ್ದ ಮೇಷ್ಟ್ರದು ಕನ್ನಡ. ನಮ್ಮ ಕಡೆ ಯಾವಾಗಲೂ ಹೀಗೇ!

ನನ್ನ ಹಿಂದಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕಿದರು. "ನಮ್ಮಪ್ಪ ಇಲ್ಲೇ ದೊರೆ ಬಂಗಲೆಯಲ್ಲಿ ಬಟ್ಲರ್ ಆಗಿದ್ರು ಸಾರ್. 52ರಲ್ಲಿ ಮೊದಲನೇ ಓಟು. ಇಸ್ತ್ರಿ ಶರ್ಟು ಹಾಕ್ಕೊಂಡು, ಮದುವೆಗೆ ಹೋಗೋ ಥರ ಹೋದ್ರು" ಅಂದರು. ಆ ಇಸ್ತ್ರಿ ಶರ್ಟು ತಲೆಯಲ್ಲಿ ಕೂತುಬಿಟ್ಟಿತು. ಮನೆಗೆ ಬಂದು ಹಳೇ ಪುಸ್ತಕ ತೆಗೆದೆ.

1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದರು. ಆದರೆ ಬೆಂಗಳೂರಿನ ದಂಡನ್ನು ಮಾತ್ರ ಬಿಡಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಹೆಸರು, ರೆಸಿಡೆಂಟರ ಆಡಳಿತ. ತಮಾಷೆ ನೋಡಿ, ಅದೇ ವರ್ಷ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. 1891ರಲ್ಲಿ ಅದಕ್ಕೆ ಚುನಾವಣೆಯೂ ಬಂತು. ಆಸ್ತಿವಂತರಿಗೆ ಮಾತ್ರ, ನಿಜ. ಆದರೂ ಚಿಕ್ಕಪೇಟೆಯ ವರ್ತಕನೋ ಕೃಷ್ಣರಾಜಪುರದ ಕಡೆಯ ಜಮೀನುದಾರನೋ ತನ್ನ ದೂರನ್ನು ದಿವಾನರ ಕಿವಿಗೆ ಮುಟ್ಟಿಸಬಹುದಿತ್ತು. ಮಧ್ಯದಲ್ಲಿದ್ದ ಹಲಸೂರು, ಬ್ಲ್ಯಾಕ್‌ಪಲ್ಲಿ (ಅದೇ, ಇವತ್ತಿನ ಶಿವಾಜಿನಗರ)ಗೆ ಆ ಸಭೆಯ ಚರ್ಚೆ ತಾಕುತ್ತಲೇ ಇರಲಿಲ್ಲ. ಸ್ಟೇಷನ್ನಿಗೂ ಒಂದು ಮುನಿಸಿಪಾಲಿಟಿ ಇತ್ತು ಬಿಡಿ, ಆದರೆ ಕೊನೆಯ ಮಾತು ರೆಸಿಡೆಂಟರದು.

ಸ್ವಾತಂತ್ರ್ಯಕ್ಕೆ ಇನ್ನು ಮೂರು ವಾರ ಇದೆ ಅನ್ನುವಾಗ, 1947ರ ಜುಲೈನಲ್ಲಿ, ದಂಡು ಮೈಸೂರಿಗೆ ಮರಳಿತು. ಅರವತ್ತಾರು ವರ್ಷ! 1949ರಲ್ಲಿ ಪೇಟೆ, ದಂಡು ಎರಡೂ ಸೇರಿ ಒಂದೇ ಕಾರ್ಪೊರೇಷನ್. ಆಮೇಲೆ 1951-52ರ ಮಹಾಚುನಾವಣೆ. ಇಪ್ಪತ್ತೊಂದು ತುಂಬಿದ್ದರೆ ಸಾಕು, ಆಸ್ತಿ ಎಷ್ಟು, ಓದು ಎಷ್ಟು ಅಂತ ಕೇಳುವವರಿಲ್ಲ. ಆಗ ಮುದ್ರೆ ಒತ್ತುವ ಪದ್ಧತಿಯೂ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಡಬ್ಬಿ, ಮೇಲೆ ಚಿಹ್ನೆ. ಬೇಕಾದವರ ಡಬ್ಬಿಗೆ ಚೀಟಿ ಹಾಕಿದರಾಯಿತು. ಟ್ರೇ ಹಿಡಿದು ಮೇಜಿನ ಪಕ್ಕ ನಿಲ್ಲುತ್ತಿದ್ದ ಮನುಷ್ಯ ಆ ಡಬ್ಬಿಗಳ ಮುಂದೆ ಒಬ್ಬನೇ ನಿಂತು ಯೋಚಿಸಿದ್ದನ್ನು ನೆನೆದರೆ ನನಗೆ ಒಂಥರಾ ಆಗುತ್ತೆ.

ನನ್ನ ಮೊದಲ ಓಟು 1989ರದು. ಆ ವರ್ಷವೇ ವಯಸ್ಸು ಹದಿನೆಂಟಕ್ಕೆ ಇಳಿದಿತ್ತು. ವಿಧಾನಸಭೆ, ಲೋಕಸಭೆ ಎರಡೂ ಒಟ್ಟಿಗೇ, ಎರಡು ಚೀಟಿ. ಯಾವ ಶರ್ಟು ಹಾಕಿದ್ದೆ ಅನ್ನೋದು ನೆನಪೇ ಇಲ್ಲ ನೋಡಿ.

ಮೊನ್ನೆಯ ಆ ಹಿರಿಯರು ಮೈಸೂರಿನ ಶಾಯಿ ಹಚ್ಚಿಸಿಕೊಳ್ಳುತ್ತಾ ಮೇಷ್ಟ್ರನ್ನು ಕೇಳಿದರು, "ಕಾರ್ಪೊರೇಷನ್ ಎಲೆಕ್ಷನ್ ಯಾವಾಗ ಸಾರ್?" ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೇ ಮುಗಿದಿತ್ತು. ಬೀದಿ ಮೋರಿ ಕಟ್ಟಿಕೊಂಡರೆ ಹೋಗಿ ಬಾಗಿಲು ತಟ್ಟಲು ನಮ್ಮ ವಾರ್ಡಿಗೆ ಗೆದ್ದವರು ಅಂತ ಯಾರೂ ಇರಲಿಲ್ಲ. ಮೇಷ್ಟ್ರು ನಕ್ಕು, "ಬೆರಳು ಒಣಗಲಿ, ಮುಟ್ಟಬೇಡಿ" ಅಂದರು.